ಸೇವೆಯೂ ಸ್ವರಕ್ಷಣೆಯೂ

ಸೇವೆಯೆಂದರೆ ತನ್ನನ್ನು ಮರೆಯುವುದೆಂದು ನಾವು ಹೇಳುತ್ತ ಬಂದಿದ್ದೇವೆ. ಹಾಗಾದರೆ ರೋಗಿಯು ಉಸಿರಿಗಾಗಿ ತಹತಹಿಸುತ್ತಿರುವಾಗ ದಾದಿಯು ಮುಖಗವಸನ್ನೂ ಕೈಗವಸನ್ನೂ ಧರಿಸಲು ನಿಲ್ಲುವುದು ಸ್ವಾರ್ಥವೆ? ಸಹೃದಯ ಓದುಗರು ಈ ಪ್ರಶ್ನೆಯನ್ನು ಸಮಾಧಾನದಿಂದ ವಿಚಾರಿಸಬೇಕು. ದಾದಿಯರು ಈ ನಿಯಮವನ್ನು ಮೀರುವುದು ಎಷ್ಟೋ ವೇಳೆ ಉದಾಸೀನದಿಂದಲ್ಲ, ಕನಿಕರದ ಅವಸರದಿಂದ.

ಕೈಗವಸಿನ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರವುಂಟು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 1889-90ರ ಚಳಿಗಾಲದಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು ಕ್ರಿಮಿನಾಶಕ ದ್ರಾವಣದಿಂದ ಉರಿದು ಕೆಟ್ಟವು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು ಆಕೆಗಾಗಿ ತೆಳುವಾದ ರಬ್ಬರ್ ಕೈಗವಸುಗಳನ್ನು ಮಾಡಿಸಿದರು. ಬರಬರುತ್ತ ವೈದ್ಯರೂ ಅವನ್ನು ತೊಟ್ಟರು. ರೋಗಿಗಳ ಗಾಯಕ್ಕೆ ನಂಜೇರುವುದು ಕಡಿಮೆಯಾಯಿತು. ಸೇವಕಿಯ ಕೈಗೆಂದು ಹುಟ್ಟಿದ ವಸ್ತು ರೋಗಿಯ ಪ್ರಾಣವನ್ನೂ ಕಾಯಿತು. ತನ್ನ ರಕ್ಷಣೆ, ಪರರ ರಕ್ಷಣೆ ಎಂಬ ಭೇದ ಅಲ್ಲಿ ಅಳಿಯಿತು.

ಈ ನಿಯಮವು ಕೆಲವರಿಗೆ ಮಾತ್ರ ಪಾಲಿಸತಕ್ಕದ್ದೂ ಅಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ ಅವರು ಒಬ್ಬ ರೋಗಿಯ ಆರೈಕೆ ಮಾಡಿದರು. ಅದು ನಿಪಾ ರೋಗವೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅದೇ ರೋಗಕ್ಕೆ ಅವರು ಬಲಿಯಾದರು. ರೋಗವು ತನ್ನ ಹೆಸರನ್ನು ಹೇಳಿಕೊಂಡು ಬರುವುದಿಲ್ಲ. ಆದುದರಿಂದ ಎಚ್ಚರಿಕೆಯು ಎಲ್ಲ ರೋಗಿಗಳ ಮುಂದೆಯೂ ಒಂದೇ ಆಗಿರಬೇಕು. ತೊಡುವಷ್ಟೇ ಜಾಗರೂಕತೆ ಕಳಚುವಾಗಲೂ ಬೇಕು. ಒಬ್ಬನನ್ನು ಮುಟ್ಟಿದ ಗವಸಿನಿಂದಲೇ ಮತ್ತೊಬ್ಬನನ್ನು ಮುಟ್ಟಿದರೆ ರಕ್ಷೆಯೇ ರೋಗವಾಹಕವಾಗುತ್ತದೆ. ಗವಸು ತೆಗೆದ ಮೇಲೂ ಕೈ ತೊಳೆಯಬೇಕು.

ಆದರೆ ನಿಯಮದ ಹೊರೆಯನ್ನೆಲ್ಲ ದಾದಿಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. 2020ರ ಕೊರೋನಾ ಕಾಲದಲ್ಲಿ ಮೈಮುಚ್ಚುವ ಉಡುಪಿನೊಳಗೆ ಬೆವರಿನಲ್ಲಿ ತೊಯ್ದು, ನೀರನ್ನೂ ಕುಡಿಯದೆ ಗಂಟೆಗಟ್ಟಲೆ ದುಡಿದವರನ್ನು ನಾವು ಬಲ್ಲೆವು. ಸಾಕಷ್ಟು ಗವಸುಗಳನ್ನು ಕೈಗೆಟಕುವಲ್ಲಿ ಇರಿಸದೆ, ಅಳತೆಗೊಪ್ಪುವುದನ್ನು ಕೊಡದೆ, ದಣಿದವರಿಗೆ ಬದಲಿ ಜನರನ್ನು ಒದಗಿಸದೆ ಶಿಸ್ತನ್ನು ಬಯಸುವ ಆಡಳಿತವೇ ಮೊದಲು ನಿಯಮವನ್ನು ಮುರಿದಂತೆ.

ನಮ್ಮ ಪಾಲಿನ ಕರ್ತವ್ಯವೂ ಒಂದುಂಟು. ನಿಮ್ಮವರು ಹಾಸಿಗೆ ಹಿಡಿದಿರುವಾಗ ದಾದಿಯು ಗವಸು ತೊಡಲು ನಿಂತರೆ ಗದರಬೇಡಿ. ಆತಂಕದಲ್ಲಿರುವವರಿಗೆ ಆ ಅರೆನಿಮಿಷವೂ ದೀರ್ಘವೆನಿಸುವುದು ನಿಜ. ಆದರೆ ಅದು ನಿಮ್ಮವರಿಗಾಗಿ, ಪಕ್ಕದ ಹಾಸಿಗೆಯ ರೋಗಿಗಾಗಿ, ಮನೆಯಲ್ಲಿ ಆಕೆಯ ದಾರಿ ಕಾಯುವ ಮಕ್ಕಳಿಗಾಗಿ ಆಕೆ ಕೊಡುವ ಅರೆನಿಮಿಷ.