ಯೋಧನ ಎದೆಯ ಭಾರ

ಯುದ್ಧದಿಂದ ಮರಳಿದ ಯೋಧನ ಮೈಮೇಲಿನ ಗಾಯ ನಮಗೆ ಕಾಣುತ್ತದೆ. ಮನಸ್ಸಿನ ಗಾಯ ಕಾಣುವುದಿಲ್ಲ. ತಾನು ಕೊಂದವನ ಮುಖ ಅವನನ್ನು ವರ್ಷಗಟ್ಟಲೆ ಕಾಡಬಹುದು. ಅಂಥವನು ಶಾಂತಿಗಾಗಿ ಹಂಬಲಿಸಿದರೆ ಅದು ಹೇಡಿತನವೇ? ಓದುಗರೇ, ಉತ್ತರಿಸುವ ಮುನ್ನ ಉಸಾಮ ಬಿನ್ ಝೈದ್(ರ)ರ ಜೀವನವನ್ನೊಮ್ಮೆ ನೋಡಿರಿ.

ಉಸಾಮ(ರ) ಪ್ರವಾದಿವರ್ಯರಿಗೆ(ಸ) ಅತ್ಯಂತ ಪ್ರೀತಿಪಾತ್ರರಾಗಿದ್ದ ತರುಣ. ಜುಹೈನ ಗೋತ್ರದ ಒಂದು ಪಂಗಡದ ವಿರುದ್ಧ ಹೋದ ಪಡೆಯಲ್ಲಿ ಅವರಿದ್ದರು. ಅವರೂ ಓರ್ವ ಅನ್ಸಾರಿಯೂ ಒಬ್ಬ ಶತ್ರುವನ್ನು ಬೆನ್ನಟ್ಟಿ ಹಿಡಿದಾಗ ಆತ ಕಲಿಮ ಉಚ್ಚರಿಸಿದ. ಅನ್ಸಾರಿ ಕೈ ತಡೆದರು. ಉಸಾಮ(ರ) ಈಟಿಯಿಂದ ತಿವಿದು ಕೊಂದರು.

ಗೆದ್ದು ಬಂದವರಿಗೆ ಹಾರ ಹಾಕುವುದು ಲೋಕದ ರೂಢಿ. ಮದೀನದಲ್ಲಿ ಉಸಾಮ(ರ)ರಿಗೆ ಎದುರಾದದ್ದು ಪ್ರಶ್ನೆ. ಆ ಮಾತು ಹೇಳಿದ ಮೇಲೂ ಕೊಂದೆಯಾ ಎಂದು ಪ್ರವಾದಿಯವರು(ಸ) ಕೇಳಿದರು. ಜೀವಭಯದಿಂದ ಹೇಳಿದ್ದನೆಂದು ಉಸಾಮ(ರ) ಸಮರ್ಥಿಸಿಕೊಂಡರು. ಅವನ ಹೃದಯದೊಳಗೇನಿತ್ತೆಂದು ನೀನು ಬಲ್ಲೆಯಾ ಎಂಬರ್ಥದ ಮರುಪ್ರಶ್ನೆ ಬಂತು. ಆ ಪ್ರಶ್ನೆ ಎಷ್ಟು ಸಲ ಮರುಕಳಿಸಿತೆಂದರೆ, ತಾನು ಇಂದೇ ಮುಸ್ಲಿಮನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಉಸಾಮ(ರ) ಹಂಬಲಿಸಿದರು. ಹಾಗಾಗಿದ್ದರೆ ಆ ಕೊಲೆಯ ಹೊರೆ ಅವರ ಮೇಲಿರುತ್ತಿರಲಿಲ್ಲ.

ಅವರು ಹೇಡಿಯಾಗಿರಲಿಲ್ಲ. ಕ್ರಿ.ಶ. 632ರಲ್ಲಿ, ಇಪ್ಪತ್ತು ದಾಟುವ ಮೊದಲೇ, ಹಿರಿಯ ಸಹಾಬಿಗಳಿದ್ದ ಸೇನೆಯ ನಾಯಕತ್ವ ಅವರಿಗೆ ದೊರೆತಿತ್ತು. ಆದರೆ 656ರ ಜಮಲ್ ಮತ್ತು 657ರ ಸಿಫ್ಫೀನ್ ಯುದ್ಧಗಳಲ್ಲಿ ಮುಸ್ಲಿಮರು ಪರಸ್ಪರ ಕತ್ತಿ ಎತ್ತಿದಾಗ ಅವರು ದೂರ ಉಳಿದರು. ಸಿಂಹದ ಬಾಯಲ್ಲಾದರೂ ನಿಮ್ಮ ಜೊತೆಗಿರಬಲ್ಲೆ, ಈ ವಿಷಯದಲ್ಲಿ ಮಾತ್ರ ಸಾಧ್ಯವಿಲ್ಲ ಎಂಬಂತೆ ಅವರು ಅಲಿ(ರ)ರಿಗೆ ಹೇಳಿಕಳುಹಿಸಿದರು. ಖಾದಿಸಿಯಾ ಯುದ್ಧದ ಸೇನಾನಿ ಸಅದ್ ಬಿನ್ ಅಬೀ ವಕ್ಕಾಸ್(ರ) ಕೂಡ ದೂರ ಉಳಿದರು. ಉಸಾಮ ಕೊಲ್ಲುವವರೆಗೆ ತಾನು ಯಾವ ಮುಸ್ಲಿಮನನ್ನೂ ಕೊಲ್ಲೆನೆಂದು ಅವರು ಹೇಳಿದ್ದರು. ಉಸಾಮ(ರ)ರ ಕೈ ಇನ್ನು ಏಳದೆಂಬ ಭರವಸೆ ಅವರಿಗಿತ್ತು.

ಎರಡೂ ಪಕ್ಷಗಳಲ್ಲಿ ಹೋರಾಡಿದ ಸಹಾಬಿಗಳಿದ್ದರು. ಅವರ ತೀರ್ಪು ನಮ್ಮ ಕೆಲಸವಲ್ಲ. ದಬ್ಬಾಳಿಕೆಗೆ ಒಳಗಾದವರಿಗೆ ಹೋರಾಡಲು ಕುರ್‌ಆನ್ (22:39) ಅನುಮತಿ ನೀಡಿದೆ ಎಂಬುದೂ ನಿಜ. ಆದರೆ ಶತ್ರು ಸಂಧಿಗೆ ಒಲಿದರೆ ನೀವೂ ಒಲಿಯಬೇಕೆಂದು ಅದೇ ಗ್ರಂಥ (8:61) ಆದೇಶಿಸುತ್ತದೆ. ಸಲಾಮ್ ಹೇಳಿದವನನ್ನು ವಿಚಾರಿಸದೆ ಶತ್ರುವೆನ್ನುವುದನ್ನೂ (4:94) ತಡೆಯುತ್ತದೆ. ಯುದ್ಧ ನ್ಯಾಯವಾದದ್ದೆಂಬ ಕಾರಣಕ್ಕೆ ಅದರಲ್ಲಿ ಚೆಲ್ಲಿದ ಪ್ರತಿಯೊಂದು ಹನಿ ರಕ್ತವೂ ನ್ಯಾಯವಾಗುವುದಿಲ್ಲ. ಅದಕ್ಕೆ ಒಬ್ಬೊಬ್ಬನೂ ಪ್ರತ್ಯೇಕವಾಗಿ ಉತ್ತರ ಕೊಡಬೇಕಾಗುತ್ತದೆ. ಇದನ್ನು ಅರಿತ ಯೋಧನೇ ಶಾಂತಿಯನ್ನು ನಿಜವಾಗಿ ಬಯಸಬಲ್ಲ.

ಮನೆಯಲ್ಲಿ ಕುಳಿತು ಟಿ.ವಿ. ನೋಡುತ್ತಾ ಯುದ್ಧವಾಗಲಿ ಎನ್ನುವುದು ಸುಲಭ. ಕೊಲ್ಲಬೇಕಾದವನು ನಮ್ಮ ಪರವಾಗಿ ಹೋಗುವ ಒಬ್ಬ ತರುಣ. ಅವನು ಹೊತ್ತು ತರುವ ಭಾರದಲ್ಲಿ ನಿಮ್ಮ ಪಾಲೆಷ್ಟು? ಆ ಮಾತು ಬಾಯಿಗೆ ಬರುವ ಮುನ್ನ ಉಸಾಮ(ರ)ರಿಗೆ ಕೇಳಲಾದ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ.