ನೆರೆಮನೆಯ ಮೌನ

ನೆರೆಯವರನ್ನು ಪ್ರೀತಿಸುವುದೆಂದರೆ ಅವರ ಬಾಗಿಲು ತಟ್ಟುವುದೇ, ತಟ್ಟದೆ ಇರುವುದೇ? ಕಾಗಿಣಾ ನದಿಯ ದಂಡೆಯ ದಂಡೋತಿಯಲ್ಲಿ ಈ ಪ್ರಶ್ನೆ ಏಳುವುದೇ ವಿರಳ. ಹಗಲಿನಲ್ಲಿ ಬಾಗಿಲು ಮುಚ್ಚಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಓಣಿಯ ಜನ ತಿಳಿಯುತ್ತಾರೆ. ಆದರೆ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಸೀಮೆಯ ಮಕ್ಕಳು ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರನ್ನು ದಾಟಿ, ಜರ್ಮನಿಯ ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್ ನಗರಗಳಲ್ಲಿ ನೆಲೆಸತೊಡಗಿದ ಮೇಲೆ ಈ ಪ್ರಶ್ನೆ ನಮ್ಮ ಮನೆಗಳಿಗೂ ಬಂದಿದೆ. ಸ್ಟುಟ್‌ಗಾರ್ಟಿನ ಬಾಷ್ ಸಂಸ್ಥೆ ಬೆಂಗಳೂರಿಗೆ ಬಂದದ್ದು 1950ರ ದಶಕದಲ್ಲಿ. ಜರ್ಮನಿಯು ಕಂಪ್ಯೂಟರ್ ತಜ್ಞರಿಗೆಂದು ವಿಶೇಷ ಪರವಾನಗಿ ಕೊಡಲಾರಂಭಿಸಿದ್ದು 2000ದಲ್ಲಿ. 2012ರಿಂದ ಯೂರೋಪಿನ ನೀಲಿ ಕಾರ್ಡು ಆ ದಾರಿಯನ್ನು ಇನ್ನಷ್ಟು ಸುಗಮಗೊಳಿಸಿತು.

ಸೊಸೆಯ ಬಾಣಂತನಕ್ಕೆಂದು ಮೂರು ತಿಂಗಳು ಸ್ಟುಟ್‌ಗಾರ್ಟಿನಲ್ಲಿದ್ದು ಮರಳಿದ ನಮ್ಮ ಭಾಗದ ತಾಯಿಯೊಬ್ಬರು ನನ್ನೊಡನೆ ಮಾತಿಗೆ ಕುಳಿತರು. ಚೀಲದಲ್ಲಿ ತೊಗರಿಬೇಳೆ, ಜೋಳದ ಹಿಟ್ಟು ಒಯ್ದಿದ್ದರಂತೆ. ಒಂದು ಭಾನುವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದರು. ಸಂಜೆಗೆ ಬಾಗಿಲ ಸಂದಿನಲ್ಲಿ ಒಂದು ಚೀಟಿ ಸಿಕ್ಕಿತು. ಕೆಳಮನೆಯವರು ಬಹು ಸೌಜನ್ಯದಿಂದ, ಇಂದು ವಿಶ್ರಾಂತಿಯ ದಿನವೆಂದು ನೆನಪಿಸಿದ್ದರು. ಆ ತಾಯಿಗೆ ನೋವಾದದ್ದು ಚೀಟಿಯಿಂದಲ್ಲ. "ಸಪ್ಪಳ ಆದ್ರ ಚೀಟಿ ಬರ್ತದ್ರಿ ಫಾದರ್, ಕೂಸು ಹುಟ್ಟಿದ್ರ ಯಾರೂ ಬರಂಗಿಲ್ಲ. ಉಂಡಿ ಏನು ಅಂತ ಕೇಳವರೇ ಇಲ್ಲ. ಅಲ್ಲಿ ಸತ್ರ ಯಾರಿಗಿ ಗೊತ್ತಾಗಬೇಕು?" ಎಂದರು.

ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ಚೀಟಿ ಬರೆದವರ ಪಕ್ಷವನ್ನೂ ಕೇಳುವುದು ನ್ಯಾಯ. ಜರ್ಮನಿಯಲ್ಲಿ ಭಾನುವಾರದ ಮೌನವು ಯಾರೋ ಒಬ್ಬರ ಮುಂಗೋಪವಲ್ಲ. 1919ರ ವೈಮಾರ್ ಸಂವಿಧಾನವು ಆ ದಿನವನ್ನು ದುಡಿಮೆಯಿಂದ ಬಿಡುಗಡೆಯ ಹಾಗೂ ಆತ್ಮೋನ್ನತಿಯ ದಿನವಾಗಿ ರಕ್ಷಿಸಿತು. 1949ರ ಮೂಲಶಾಸನವು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬರ್ಲಿನ್ ರಾಜ್ಯವು ಅನುಮತಿಸಿದಾಗ ಧರ್ಮಸಭೆಗಳು ದೂರು ಕೊಂಡೊಯ್ದವು. 2009ರ ಡಿಸೆಂಬರ್ 1ರಂದು ಸಂವಿಧಾನ ನ್ಯಾಯಾಲಯವು ಅದು ಸಲ್ಲದೆಂದು ತೀರ್ಪಿತ್ತಿತು. ಅಂಗಡಿಯಲ್ಲಿ ನಿಂತು ದುಡಿಯುವ ಹೆಣ್ಣುಮಗಳಿಗೂ ಒಂದು ದಿನ ಬೇಕು ಎಂಬ ಕಾಳಜಿ ಅದರ ಹಿಂದಿದೆ. ಹಗಲಿರುಳೆನ್ನದೆ ಧ್ವನಿವರ್ಧಕ ಮೊಳಗಿಸುವ ನಮ್ಮ ಹಬ್ಬ, ಜಾತ್ರೆ, ಮೆರವಣಿಗೆಗಳಲ್ಲಿ (ನಮ್ಮ ದೇವಾಲಯಗಳ ಉತ್ಸವಗಳನ್ನೂ ಸೇರಿಸಿಯೇ ಹೇಳುತ್ತೇನೆ) ಪಕ್ಕದ ಮನೆಯ ರೋಗಿಯನ್ನು ನೆನೆಯುವವರು ಎಷ್ಟು ಮಂದಿ?

ಸ್ಟುಟ್‌ಗಾರ್ಟಿನ ಸೀಮೆಯಲ್ಲಿ 'ಕೇರ್‌ವೋಖೆ' ಎಂಬ ಪದ್ಧತಿಯಿದೆ. ಗುಡಿಸುವ ವಾರವೆಂದು ಅರ್ಥ. ಮೆಟ್ಟಿಲು, ಓಣಿ ಗುಡಿಸುವ ಸರದಿಯ ಫಲಕ ವಾರಕ್ಕೊಂದು ಮನೆಯ ಬಾಗಿಲಿಗೆ ಬಂದು ತೂಗುತ್ತದೆ. ಇದರ ಬೇರನ್ನು ಆ ನಗರದ 1492ರ ಶಾಸನದವರೆಗೆ ಒಯ್ಯುತ್ತಾರೆ. ನಮ್ಮಲ್ಲೂ ಶಹಾಬಾದ್ ಕಲ್ಲಿನ ಅಂಗಳವನ್ನು ನಸುಕಿನಲ್ಲೇ ಗುಡಿಸಿ ನೀರು ಚಿಮುಕಿಸುತ್ತಾರೆ. ಆದರೆ ಆ ಕೆಲಸ ಮನೆಯ ಹೆಣ್ಣುಮಕ್ಕಳದು. ಅಂಗಳದಾಚೆಯ ಓಣಿಯ ಕಸ, ಗಟಾರ ಯಾರ ಪಾಲಿಗೆ ಬಂದಿವೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟುಟ್‌ಗಾರ್ಟಿನ ಮೆಟ್ಟಿಲ ಫಲಕವು ಬಾಗಿಲಿನ ಹಿಂದಿರುವವರ ಕುಲ ಕೇಳುವುದಿಲ್ಲ.

ಊರ ಹೊರಗಿನ ಕೇರಿಯಲ್ಲಿ ಹುಟ್ಟಿ ಅಲ್ಲಿಗೆ ಹೋದ ಯುವಕನೊಬ್ಬನ ಮಾತು ಇಲ್ಲಿ ನೆನಪಾಗುತ್ತದೆ. ತಾಯಂದಿರನ್ನು ಅಂಜಿಸುವ ಆ ಮೌನವೇ ತನಗೆ ಉಸಿರಾಡಲು ಬಿಟ್ಟಿತು ಎಂದನಾತ. ನಮ್ಮಲ್ಲಿ "ಉಂಡಿ ಏನು?" ಎಂಬ ಪ್ರಶ್ನೆಯ ಬೆನ್ನಿಗೇ "ಯಾರ ಪೈಕಿ?" ಎಂಬ ಇನ್ನೊಂದು ಪ್ರಶ್ನೆಯೂ ಬರುತ್ತದಲ್ಲವೇ? ಮೊದಲನೆಯದು ಕೆಲವರನ್ನು ಒಳಗೆ ಕರೆದರೆ ಎರಡನೆಯದು ಕೆಲವರನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ. ಹಾಗೆಂದು ಜರ್ಮನಿಯಲ್ಲಿ ಯಾರೂ ಏನೂ ಕೇಳುವುದಿಲ್ಲವೆಂದಲ್ಲ. ವಾಸಸ್ಥಳ ನೋಂದಾಯಿಸುವಾಗ ಧರ್ಮವನ್ನು ಕೇಳುತ್ತಾರೆ. ಅದು ಆದಾಯ ತೆರಿಗೆಯ ಮೇಲೆ ನೂರಕ್ಕೆ 8 ಅಥವಾ 9ರಷ್ಟು ವಿಧಿಸುವ ಧರ್ಮಸಭೆಯ ತೆರಿಗೆಗಾಗಿ. ಬಾಡಿಗೆ ಮನೆ ಹುಡುಕುವಾಗ ಹೆಸರು, ಮೈಬಣ್ಣಗಳೇ ಅಡ್ಡಿಯಾದುದನ್ನು ಹೇಳಿಕೊಳ್ಳುವವರಿದ್ದಾರೆ. 2000ದಲ್ಲಿ ಚುನಾವಣಾ ಪ್ರಚಾರವೊಂದರಲ್ಲಿ 'ಭಾರತೀಯರ ಬದಲು ಮಕ್ಕಳು' ಎಂಬ ಘೋಷಣೆಯೂ ಕೇಳಿಬಂದಿತ್ತು.

ಜರ್ಮನ್ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ ಪ್ರೀತಿಯನ್ನೂ ಗೌರವವನ್ನೂ ಎರಡು ಬಲಗಳಂತೆ ಕಾಣುತ್ತಾನೆ. ಪ್ರೀತಿ ಮನುಷ್ಯರನ್ನು ಹತ್ತಿರಕ್ಕೆ ಸೆಳೆಯುತ್ತದೆ, ಗೌರವ ಅವರ ನಡುವೆ ತಕ್ಕ ಅಂತರವನ್ನು ಕಾಯುತ್ತದೆ. ಎರಡರಲ್ಲಿ ಒಂದು ಸೋತರೂ ನೈತಿಕ ಲೋಕ ನಿಲ್ಲದು. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಓದಿದವರೇ ಹೆಚ್ಚು. ನನ್ನ ಮಟ್ಟಿಗೆ ಹೇಳುವುದಾದರೆ, ಜರ್ಮನ್ ಮೆಟ್ಟಿಲಿನ ಮೌನ ಒಂದು ಬಗೆಯ ನ್ಯಾಯ, ಅದಿನ್ನೂ ಪ್ರೀತಿಯಾಗಿಲ್ಲ. ದಂಡೋತಿಯ ಓಣಿಯ ಪ್ರಶ್ನೆ ಪ್ರೀತಿಯೇ ಹೌದು, ಆದರೆ ಅದು ಎಷ್ಟೋ ಸಲ ನ್ಯಾಯವನ್ನು ಹೊರಗೆ ಬಿಟ್ಟು ಬಂದಿರುತ್ತದೆ. ನ್ಯಾಯವು ಪ್ರೀತಿಗೆ ಮೊದಲ ಮೆಟ್ಟಿಲೆಂದು ನಾವು ಬೋಧಿಸುವುದುಂಟು. ಎರಡನೆಯ ಮೆಟ್ಟಿಲಿಗೆ ಮೊದಲೇ ಏರಿದೆವೆಂದು ನಂಬಿರುವ ನಮ್ಮಂಥವರಿಗೆ ಮೊದಲನೆಯದಕ್ಕೆ ಇಳಿಯುವುದು ಕಷ್ಟದ ಕೆಲಸ.

ಆ ಮೌನದೊಳಗೂ ಕರುಣೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಪಾನೀಯದ ಶೀಶೆಗಳಿಗೆ ಠೇವಣಿಯಿದೆ. ಒಮ್ಮೆ ಬಳಸುವ ಪ್ಲಾಸ್ಟಿಕ್ ಶೀಶೆ, ಡಬ್ಬಿಗಳಿಗೆ 25 ಸೆಂಟ್. ಪಿಂಚಣಿ ಸಾಲದ ವೃದ್ಧರು ಕಸದ ತೊಟ್ಟಿಗಳಲ್ಲಿ ಅವನ್ನು ಹುಡುಕುತ್ತಾರೆ. ಅವರು ಕೊಳಕಿಗೆ ಕೈ ಹಾಕದಿರಲೆಂದು ಎಷ್ಟೋ ಜನ ಖಾಲಿ ಶೀಶೆಯನ್ನು ತೊಟ್ಟಿಯೊಳಗೆ ಎಸೆಯದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಕೊಟ್ಟವನು ಯಾರೆಂದು ಪಡೆದವನಿಗೆ ತಿಳಿಯದು, ತಲೆ ತಗ್ಗಿಸುವ ಪ್ರಸಂಗವೂ ಬಾರದು. ಎಡಗೈಗೆ ತಿಳಿಯದ ಬಲಗೈ ದಾನಕ್ಕೆ ಇದು ಬಹಳ ಹತ್ತಿರ. ಆದರೆ ಇಷ್ಟು ಸಿರಿವಂತ ನಾಡಿನ ವೃದ್ಧನೊಬ್ಬನು ಶೀಶೆ ಆಯಬೇಕಾಗಿ ಬಂದುದೇಕೆಂದು ಅವನನ್ನು ಕುಳ್ಳಿರಿಸಿ ಕೇಳುವವರು ಬೇಡವೇ?

ಕನ್ನಡದಲ್ಲಿ 'ನೆರೆ' ಎಂದರೆ ಪಕ್ಕದ ಮನೆಯೂ ಹೌದು, ಪ್ರವಾಹವೂ ಹೌದು. ಮಳೆಗಾಲದಲ್ಲಿ ಕಾಗಿಣಾ ಉಕ್ಕಿ ದಂಡೋತಿಯ ಸೇತುವೆ ಮುಳುಗಿದಾಗ, ದಾರಿ ಕಾಣದೆ ನಿಂತ ಪ್ರಯಾಣಿಕರಿಗೆ ರೊಟ್ಟಿ ಕೊಡುವ ಕೈಗಳು ನಮ್ಮಲ್ಲಿವೆ. 2021ರ ಜುಲೈನಲ್ಲಿ ಜರ್ಮನಿಯ ಆರ್ ನದಿ ಉಕ್ಕಿ ಆ ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಆಗ ನಾಡಿನ ಮೂಲೆಮೂಲೆಗಳಿಂದ ಸಾವಿರಾರು ಅಪರಿಚಿತರು ಸಲಿಕೆ ಹಿಡಿದು ಬಂದು ಕಂಡರಿಯದವರ ಮನೆಗಳ ಕೆಸರನ್ನು ಎತ್ತಿಹಾಕಿದರು. ಇವರೂ ತಮ್ಮ ತಮ್ಮ ಮೆಟ್ಟಿಲುಗಳಲ್ಲಿ ಮೌನವಾಗಿ ತಲೆದೂಗಿ ಮುಂದೆ ಸಾಗುವ ಜನರೇ ಅಲ್ಲವೇ?

ಇತ್ತ ನಮ್ಮ ಓಣಿಗಳು ಬದಲಾಗುತ್ತಿವೆ. ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆ ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ಉಳಿದವರು ಇಬ್ಬರೇ ಮುದುಕರು. ಕೆಲವಕ್ಕೆ ಬೀಗವೇ ಬಿದ್ದಿದೆ. ಊಟ ಆಯಿತೇ ಎಂದು ಕೇಳಲು ಹಾಗೂ ಕೇಳಿಸಿಕೊಳ್ಳಲು ಅಲ್ಲಿಯೂ ಜನ ಕಡಿಮೆಯಾಗುತ್ತಿದ್ದಾರೆ. ಆ ತಾಯಿ ಈಗ ದಿನಾಲೂ ರಾತ್ರಿ ಮೊಬೈಲಿನಲ್ಲಿ ಮೊಮ್ಮಗಳ ಮುಖ ನೋಡುತ್ತಾರೆ. ಬೇಸಿಗೆಯಲ್ಲಿ ಸ್ಟುಟ್‌ಗಾರ್ಟ್ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿಯವರ ಊಟದ ಹೊತ್ತಿಗಾಗಿ ಇವರು ನಿದ್ದೆಗಟ್ಟು ಕಾಯುತ್ತಾರೆ. ಮಾತು ಶುರುವಾಗುವುದು ಮಾತ್ರ ಅದೇ ಪ್ರಶ್ನೆಯಿಂದ.