ತುಂಡಿನ ಬಾಳು

ಸವಣೂರಿನ ಎಲೆದೋಟಗಳಲ್ಲಿ ಬೀಜದ ಮಾತೇ ಇಲ್ಲ. ಬಲಿತ ವೀಳ್ಯದ ಬಳ್ಳಿಯಿಂದ ಮೂರು ನಾಲ್ಕು ಗಣ್ಣುಗಳುಳ್ಳ ತುಂಡನ್ನು ಕೊಯ್ದು, ಒಂದೆರಡು ಗಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು, ನೆರಳಿಗೂ ಆಸರೆಗೂ ಚೊಗಚೆ ನುಗ್ಗೆಗಳನ್ನು ಬೆಳೆಸಿ, ತೇವವಾರದಂತೆ ಕಾಪಾಡಿದರೆ, ಗಣ್ಣಿನಲ್ಲಿ ಬೇರೊಡೆದು ತುಂಡು ತಾನೇ ಬಳ್ಳಿಯಾಗುತ್ತದೆ. ಅದು ಆಸರೆಯ ತುದಿಯನ್ನು ಮುಟ್ಟಿದ ಮೇಲೆ ತೋಟಿಗನು ಅದನ್ನು ಕೆಳಗಿಳಿಸಿ, ಎಲೆಯುದುರಿದ ಹಳೆಯ ಭಾಗವನ್ನು ಸುರುಳಿ ಸುತ್ತಿ ಬುಡದಲ್ಲಿ ಹೂಳಿ, ಎಳೆಯ ಕುಡಿಯನ್ನಷ್ಟೇ ಮತ್ತೆ ಹಬ್ಬಿಸುತ್ತಾನೆ. ಮೊದಲು ನಡುವಾಗಿದ್ದುದು ಈಗ ಬುಡವಾಯಿತು. ಹೀಗಿರಲು ಈ ಹೊತ್ತು ತೋಟದಲ್ಲಿ ನಿಂತಿರುವ ಬಳ್ಳಿಯ ವಯಸ್ಸೆಷ್ಟು? ಮೂರು ವರುಷವೆಂದರೂ ಸರಿಯೇ. ಮುನ್ನೂರು ವರುಷವೆಂದರೆ ಅಲ್ಲಗಳೆಯುವುದು ಸುಲಭವಲ್ಲ. ಹಾನಗಲ್ಲ ಸೀಮೆಯ ಆಪೂಸು ಮಾವಿನ ಕಸಿಯ ವಿಷಯದಲ್ಲಿಯೂ ಇದೇ ಪ್ರಶ್ನೆಯು ಏಳತಕ್ಕದ್ದು.

ಈ ಸಂದೇಹವು ನೆಲದ ಮೇಲಣ ಬಾಳಿಗಷ್ಟೇ ಸೇರಿದುದಲ್ಲ. ಉಂಗುರದಲ್ಲಿ ಹವಳವನ್ನು ಧರಿಸುವವರಲ್ಲಿ ಎಷ್ಟೋ ಜನರಿಗೆ ಅದು ಪ್ರಾಣಿಗಳು ಕಟ್ಟಿದ ವಸ್ತುವೆಂಬುದು ತಿಳಿದಿರಲಿಕ್ಕಿಲ್ಲ. ಉಂಗುರದ ಕೆಂಪು ಹವಳವೂ ಕಡಲಲ್ಲಿ ದಿಬ್ಬಗಳನ್ನು ಕಟ್ಟುವ ಕಲ್ಲುಹವಳವೂ ಬೇರೆ ಬೇರೆ ಜಾತಿಯವು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಕಲ್ಲುಹವಳಗಳು ಉಂಟು. ಅದರ ಒಂದೊಂದು ಗೊಂಚಲೂ ಸಾವಿರಾರು ಕಿರುಜೀವಿಗಳ ಊರು. ಪ್ರತಿಯೊಂದು ಜೀವಿಯೂ ತನ್ನ ಕಾಲಡಿಯಲ್ಲಿ ಸುಣ್ಣದ ಬಟ್ಟಲನ್ನು ಕಟ್ಟಿಕೊಂಡು, ಪಕ್ಕದಲ್ಲಿ ತನ್ನಂಥದೇ ಮತ್ತೊಂದನ್ನು ಚಿಗುರಿಸುತ್ತದೆ. ಬಿರುಗಾಳಿಗೆ ಮುರಿದ ಕೊಂಬೆಯು ತಕ್ಕ ಸ್ಥಳದಲ್ಲಿ ಬಿದ್ದರೆ ಅಲ್ಲಿಯೇ ಕಚ್ಚಿಕೊಂಡು ಹೊಸ ಊರಾಗುತ್ತದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳ ಬೆಳೆಸುವ ಹವ್ಯಾಸಿಗಳು ಮಾಡುವುದೂ ಇದನ್ನೇ: ಕೊಂಬೆಯನ್ನು ಕೊಯ್ದು ಅಂಟಿನಿಂದ ಸಣ್ಣ ಕಲ್ಲಿಗೆ ಕೂಡಿಸಿ, ದೀಪದ ಬೆಳಕಿಗೂ ನೀರಿನ ಸೆಳವಿಗೂ ಒಡ್ಡುತ್ತಾರೆ. ಕೆಲವು ವಾರಗಳಲ್ಲಿ ತುಂಡಿನ ಅಂಚು ತೊಗಲಿನಂತೆ ಕಲ್ಲಿನ ಮೇಲೆ ಹರಡುತ್ತದೆ. ಮೆತ್ತಗಿನ ಕೆಲವು ಜಾತಿಗಳು ಗಾಜಿನ ಮೇಲೂ ಹಬ್ಬಿ ನಿಲ್ಲುತ್ತವೆ.

ಇಲ್ಲಿ ಒಂದು ಸೋಜಿಗವುಂಟು. ಬೇರೆ ಬೇರೆ ಮೂಲದ ಎರಡು ಹವಳಗಳು ಬೆಳೆಯುತ್ತ ಬೆಳೆಯುತ್ತ ಒಂದನ್ನೊಂದು ಮುಟ್ಟಿದರೆ, ಅನೇಕ ವೇಳೆ ಕುಟುಕಿ ಕೊಲ್ಲಲು ಹವಣಿಸುತ್ತವೆ. ಒಂದೇ ಮೂಲದಿಂದ ಕೊಯ್ದ ತುಂಡುಗಳಾದರೋ ಮುಟ್ಟಿದಲ್ಲಿ ಬೆಸೆದುಕೊಂಡು ಪುನಃ ಒಂದಾಗುತ್ತವೆ. ಅಮೇರಿಕೆಯ ಫ್ಲಾರಿಡಾದಲ್ಲಿರುವ ಮೋಟ್ ಸಾಗರ ಪ್ರಯೋಗಶಾಲೆಯವರು ಈ ಗುಣವನ್ನೇ ಹಿಡಿದು, ಉಗುರಗಲದ ಚೂರುಗಳನ್ನು ಸತ್ತ ಹವಳದ ಬಂಡೆಯ ಮೇಲೆ ಹತ್ತಿರ ಹತ್ತಿರ ನೆಟ್ಟು, ಅವು ಕೂಡಿ ಬಂಡೆಯನ್ನು ಮುಚ್ಚುವಂತೆ ಮಾಡಿರುತ್ತಾರೆ. ಹಾಗಾದರೆ ಗರಗಸವು ನಿಜವಾಗಿ ಬೇರ್ಪಡಿಸಿದ್ದಾದರೂ ಏನನ್ನು? ದೇಹವು ಎರಡಾಯಿತು, ತನ್ನದು ಯಾವುದು, ಅನ್ಯವು ಯಾವುದು ಎಂಬ ಅರಿವು ಎರಡಾಗಲಿಲ್ಲ. ಅದಕ್ಕೆ ಅರಿವೆಂಬ ಹೆಸರು ದೊಡ್ಡದಾಯಿತೆಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು; ಆಕ್ಷೇಪಿಸಲಿ.

ತುಂಡನ್ನು ಮಗುವೆಂದು ಭಾವಿಸುವುದೋ ತಾಯಿಯೇ ಎಂದು ಭಾವಿಸುವುದೋ ಎಂಬುದು ಬರಿಯ ತರ್ಕವಲ್ಲ. ಸ್ವತ್ತಿನ ನ್ಯಾಯವು ಅದರ ಮೇಲೆ ನಿಂತಿದೆ. ಹಸುವನ್ನು ಕೊಟ್ಟವನಿಗೆ ಹಸುವಿಲ್ಲ. ಬಳ್ಳಿಯ ತುಂಡನ್ನು ಕೊಟ್ಟವನ ತೋಟದಲ್ಲಿಯಾದರೋ ಬಳ್ಳಿಯು ಇದ್ದೇ ಇರುತ್ತದೆ. ಸಾಕಿದ ಶ್ರಮಕ್ಕೆ ಅವನು ಬೆಲೆ ಕೇಳಿದರೆ ಅನ್ಯಾಯವೇನೂ ಅಲ್ಲ; ಆದರೆ ತುಂಡಿನ ತುಂಡಿಗೂ, ಅದರ ತುಂಡಿಗೂ ತಾನೇ ಒಡೆಯನೆಂದು ಸಾಧಿಸಹೊರಟರೆ, ತನಗೆ ಮೊದಲ ತುಂಡು ಯಾರಿಂದ ಬಂದಿತೆಂಬುದನ್ನು ಅವನೂ ಹೇಳಬೇಕಾಗುತ್ತದೆ.

ಹವಳದ ವಿಷಯದಲ್ಲಿ ಈ ಪ್ರಶ್ನೆಯು ಇನ್ನೂ ತೀಕ್ಷ್ಣವಾದುದು. ಮೊದಲ ತುಂಡು ಕಡಲಿನಿಂದ ಬಂದುದು. ಒಂದು ಕೊಂಬೆ ಮುರಿದರೆ ದಿಬ್ಬಕ್ಕೇನು ನಷ್ಟ, ಮತ್ತೆ ಚಿಗುರುತ್ತದಲ್ಲ ಎಂಬ ವಾದವು ಒಬ್ಬನ ಬಾಯಲ್ಲಿ ಒಪ್ಪಬಹುದು. ಸಾವಿರ ಜನರು ಅದನ್ನೇ ಹೇಳಿದರೆ ದಿಬ್ಬವೇ ಉಳಿಯದು. ಭಾರತದಲ್ಲಿ ದಿಬ್ಬಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಸೇರಿಸಿ, ಹುಲಿ ಆನೆಗಳ ಸಾಲಿನಲ್ಲಿಟ್ಟಿರುವುದು ಯುಕ್ತವೇ ಆಗಿದೆ.

ಸಾವಿಲ್ಲದಂತೆ ತೋರುವ ಈ ಬಾಳಿಗೂ ಒಂದು ಋಣವುಂಟು. ಒಂದೇ ಮೂಲದ ಬಳ್ಳಿಗಳಿಗೆ ಬಲವೂ ಒಂದೇ, ದೌರ್ಬಲ್ಯವೂ ಒಂದೇ. ಮಳೆಗಾಲದಲ್ಲಿ ಬುಡಕೊಳೆ ರೋಗವು ಹೊಕ್ಕರೆ ಸಾಲಿಗೆ ಸಾಲೇ ಸೊರಗಿ ಹೋಗುವುದುಂಟು. ಅದೇ ಊರಿನ ದೊಡ್ಡಹುಣಸೆ ಕಲ್ಮಠದ ಆಫ್ರಿಕಾ ಮೂಲದ ಮೂರು ಮಹಾವೃಕ್ಷಗಳಲ್ಲಿ ಒಂದು 2023ರ ಮಳೆಗೆ ಉರುಳಿದಾಗ ಊರೇ ಮರುಗಿತು. ಅದನ್ನು ಮತ್ತೆ ಎತ್ತಿ ನೆಡುವ ಪ್ರಯತ್ನವೂ ನಡೆಯಿತು. ಸೊರಗಿದ ಎಲೆಬಳ್ಳಿಗಾಗಿ ಹಾಗೆ ಮರುಗಿದವರಿಲ್ಲ. ತೋಟಿಗನು ಸತ್ತ ಬುಡಗಳನ್ನು ಕಿತ್ತು ಹಾಕಿ, ರೋಗ ತಗಲದ ನೆರೆಯವನ ತೋಟಕ್ಕೆ ಹೋಗಿ ತುಂಡುಗಳನ್ನು ಬೇಡುತ್ತಾನೆ. ಅವು ಹಿಂದೊಮ್ಮೆ ಇವನ ತೋಟದಿಂದಲೇ ಅಲ್ಲಿಗೆ ಹೋದ ಬಳ್ಳಿಯವಾಗಿದ್ದರೂ ಇರಬಹುದು. ಬೆಲೆಯ ಮಾತನ್ನು ಆ ಇಬ್ಬರೇ ಬದುವಿನ ಮೇಲೆ ನಿಂತು ಬಗೆಹರಿಸಿಕೊಳ್ಳುತ್ತಾರೆ.